ಬಾಣಂತನಕ್ಕೆ ವೀಸಾ ಇಲ್ಲ

ನಸುಕಿನಲ್ಲಿ ಬಿಬವೇವಾಡಿಯಿಂದ ರಿಕ್ಷಾ ಹಿಡಿದು ಸ್ವಾರಗೇಟಿಗೆ ಬಂದೆವು. ಅಲ್ಲಿಂದ ದಾದರಿನ ಬಸ್ಸು. ಹೊಸ ಎಕ್ಸ್‌ಪ್ರೆಸ್ ರಸ್ತೆ ಆಗಷ್ಟೇ ಪೂರ್ತಿ ತೆರೆದಿತ್ತು. ನಾಲ್ಕು ತಾಸಿನೊಳಗೆ ಮುಂಬೈ ಎಂದ ಕಂಡಕ್ಟರ್. ಅವ್ವ ಇಳಕಲ್ ಸೀರೆ ಉಟ್ಟು, ಅಂಟಿನುಂಡೆಯ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಡಬ್ಬಿ ಯಾಕೆಂದು ಕೇಳಿದೆ.

"ವೀಸಾ ಕೊಡೋ ಸಾಹೇಬರ ಕಡೆ ಬರಿಗೈಲೆ ಹೋಗಬಾರದಪಾ."

ನನ್ನ ತಂಗಿ ಸುನಂದಾ ವಿದೇಶದ ಆಸ್ಪತ್ರೆಯೊಂದರಲ್ಲಿ ನರ್ಸು. ಆ ಆಸ್ಪತ್ರೆಯವರೇ ಪುಣೆಗೆ ಬಂದು, ಸಂದರ್ಶನ ಮಾಡಿ ಕರೆದೊಯ್ದಿದ್ದರು. ಈಗ ಅವಳಿಗೆ ಎಂಟು ತಿಂಗಳು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಅವಳಿಗೆ ಡಾಕ್ಟರು ವಿಮಾನ ಬೇಡವೆಂದರು. ಹಾಗಾಗಿ ತವರೇ ಅವಳ ಬಳಿಗೆ ಹೊರಟಿತ್ತು.

ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊತ್ತೇ ಸತ್ತವನು. ಆ ಮನೆಯಲ್ಲಿ ಬಿ.ಕಾಂ. ಮಾಡಿದ ಮೊದಲಿಗ ನಾನು, ಹೇಳಿಕೊಳ್ಳಲು ನಾಚಿಕೆಯಿಲ್ಲ. ವೀಸಾದ ನಿಯಮಗಳನ್ನು ಕೂತು ಓದಿದ್ದೆ. ಭೇಟಿಗೆ ಹೋದವರು ಅಲ್ಲಿ ಕೆಲಸ ಮಾಡಕೂಡದು. ಖಂಡಾಲಾ ಘಾಟು ಇಳಿಯುವಾಗ ಅವ್ವನಿಗೆ ಪಾಠ ಮಾಡಿದೆ.

"ಯಾಕ ಹೊಂಟೀರಿ ಅಂತ ಕೇಳಿದ್ರ?"

"ಮಗಳನ್ನ ನೋಡ್ಲಿಕ್ಕೆ."

"ಅಷ್ಟ. ಮುಂದ ಒಂದ್ ಮಾತ ಆಡಬ್ಯಾಡ."

"ಹೂಂ. ಕಾಲೇಜ ಕಲ್ತಾಂವ ನೀನ, ಮೂಕಿ ನಾನ."

ವೀಸಾ ಕಚೇರಿಯ ಗೇಟಿನಲ್ಲಿ ಅರ್ಜಿ ಹಾಕಿದವರಿಗಷ್ಟೇ ಪ್ರವೇಶ. ಡಬ್ಬಿಗೂ ಇಲ್ಲ, ಪದವೀಧರ ಮಗನಿಗೂ ಇಲ್ಲ. ಏಪ್ರಿಲ್ ಬಿಸಿಲು. ನೆರಳಿಗೆ ಸರಿದವರನ್ನು ಕಾವಲುಗಾರ ಮತ್ತೆ ಬಿಸಿಲಿಗೇ ಅಟ್ಟುತ್ತಿದ್ದ. ವಡಾಪಾವ್ ತಿಂದು ಬೆವರುತ್ತ ನಿಂತೆ.

ಅವ್ವ ನಗುತ್ತಲೇ ಹೊರಗೆ ಬಂದಳು. "ಆತು ನೋಡು ಕೆಲಸ."

"ನೋಡ್ಲಿಕ್ಕೆ ಅಂತ ಹೇಳ್ದೀ?"

"ಹೇಳ್ದೆ. ಮೂರು ತಿಂಗಳು ಬರೇ ನೋಡ್ಕೋತ ಕೂಡ್ತೀರೇನು ಅಂತ ಆ ಬಿಳಿ ಮೇಡಮ್ ಕೇಳಿದ್ಳಂತ, ಬಾಜೂಕಿನಾಂವ ಮರಾಠಿಯೊಳಗ ತಿಳಿಸಿ ಹೇಳ್ದ. ಭಾಳ ಸಿಟ್ಟ ಬಂತು. ಮಗಳ ಮನಿಯಾಗ ಕುಂತ ಉಣ್ಣಾಕಿ ಅಲ್ರೀ ನಾ ಅಂದೆ. ಕೂಸಿಗೆ ಎರಿತೀನಿ, ಬಾಣಂತಿಗೆ ಅಡಗಿ ಮಾಡಿ ಹಾಕ್ತೀನಿ, ಆಕಿ ಡ್ಯೂಟಿಗೆ ಹೋದ್ರ ಕೂಸು ನಂದ ಅಂದೆ. ಎಲ್ಲಾ ಬರಕೊಂಡ್ಳು!"

ಪಾಸ್‌ಪೋರ್ಟ್ ಯಾವಾಗ ಕೊಡುತ್ತಾರೆಂದು ಕೇಳಿದೆ.

ಮಧ್ಯಾಹ್ನ ಪಾಸ್‌ಪೋರ್ಟಿನ ಜೊತೆ ಒಂದು ಕಾಗದ ವಾಪಸು ಬಂತು. ಮಗು ನೋಡಿಕೊಳ್ಳುವುದು ಕೆಲಸ, ಭೇಟಿಯಲ್ಲ. ವಿಧವೆಯಾದ ಈಕೆ ಮರಳಿ ಬರುತ್ತಾಳೆಂದು ನಂಬಲು ಕಾರಣವಿಲ್ಲ. ವೀಸಾ ಇಲ್ಲ.

ಅವರ ಮುದುಕರ ಮೈ ತೊಳೆಯಲು ನಮ್ಮ ಸುನಂದಾ ಬೇಕು. ಅವಳ ಕೂಸಿನ ಮೈ ತೊಳೆಯಲು ಅವಳ ಹೆತ್ತವ್ವ ಹೋದರೆ ಮಾತ್ರ ಅಪರಾಧ. ಯಾವ ಮನೆಯಲ್ಲಿ ಅಜ್ಜಿಗೆ ಪಗಾರ ಕೊಡುತ್ತಾರೆ? ಮರಳಲು ಕಾರಣವಿಲ್ಲವಂತೆ! ಆ ಕಾರಣ ಅವರದೇ ಗೇಟಿನ ಹೊರಗೆ ಡಬ್ಬಿ ಹಿಡಿದು ಬಿಸಿಲಲ್ಲಿ ನಿಂತಿತ್ತು. ಒಬ್ಬರಾದರೂ ಕಣ್ಣೆತ್ತಿ ನೋಡಿದರೇ?

ಮರಳುವ ದಾರಿಯಲ್ಲಿ ಅವ್ವ ಲೋಣಾವಳಾದಲ್ಲಿ ಚಹಾ ಕುಡಿಯುವಾಗ ಕೇಳಿದಳು: "ಮತ್ತ ಅರ್ಜಿ ಹಾಕಬಹುದೇನು?"

"ಹಾಕಬಹುದು. ಆದ್ರ ಸುಮ್ನ ಕೂಡಲಿಕ್ಕೆ ಹೊಂಟೀನಿ ಅನಬೇಕು."

"ಹಸಿ ಬಾಣಂತಿ ಮುಂದ ಸುಮ್ನ ಕೂಡ್ತೀನಿ ಅಂತ ನನ್ನ ಬಾಯಿಲೆ ನಾ ಅನ್ನಂಗಿಲ್ಲ. ನೀ ಬಿ.ಕಾಂ. ಇದ್ದಿ, ನೀ ಅನ್ನು."

ನನಗೂ ಅನ್ನಲು ಮನಸ್ಸಾಗಲಿಲ್ಲ.

ಸಂಜೆ ಸ್ವಾರಗೇಟಿನಲ್ಲಿ ಇಳಿದವರೇ ಫೋನ್ ಬೂತಿಗೆ ಹೋಗಿ ಸುನಂದಾಳ ವಾರ್ಡಿಗೆ ಹಚ್ಚಿದೆವು. ಬೇರೆ ನರ್ಸ್ ಎತ್ತಿದಳು. ಸುನಂದಾ ಒಬ್ಬ ಅಜ್ಜಿಗೆ ಸ್ನಾನ ಮಾಡಿಸುತ್ತಿದ್ದಾಳೆ, ಕರೆಯಲೇ ಎಂದಳು. ಅವ್ವನಿಗೆ ಹೇಳಿದೆ.

ಅವ್ವ ಡಬ್ಬಿಯನ್ನು ಎದೆಗೊತ್ತಿಕೊಂಡು ತಲೆ ಅಲ್ಲಾಡಿಸಿದಳು. "ಬ್ಯಾಡ. ನಡುವ ಬಿಟ್ಟು ಬಂದ್ರ ಆ ಮುದುಕಿಗೆ ಥಂಡಿ ಆಗ್ತದ."