ಎಂಜಲು ಕೈಗೆ ಕೋವಿ ಇಲ್ಲ

ಮೊನ್ನೆ ಅಟ್ಟ ಗುಡಿಸಿದವರು ಹಳೆಯ ಚರ್ಮದ ಪಟ್ಟಿಯೊಂದನ್ನು ಕೆಳಗೆ ಹಾಕಿದರು. ಕೋವಿಯ ಪಟ್ಟಿ. ಒಣಗಿ ಹಪ್ಪಳವಾಗಿದ್ದರೂ ಎಣ್ಣೆ, ಚರ್ಮದ ವಾಸನೆ ಇನ್ನೂ ಇತ್ತು. ಮೂಸಿದ್ದೇ ತಡ, ನನ್ನ ಮಾವಯ್ಯನ ಮೇಲಿನ ಹಳೆಯ ಸಿಟ್ಟು ನೆತ್ತಿಗೇರಿತು.

ನಲವತ್ತರ ದಶಕ. ಕುಂದಾಪುರದಲ್ಲಿ ದೋಣಿ ಕಡವಿನ ಹತ್ತಿರ ಮಾವಯ್ಯನದೊಂದು ಊಟದ ಹೋಟೆಲು; ನಾನು ಆ ಮನೆಯ ಹೊಸ ಸೊಸೆ. ಹಂದಿ ಬೇಟೆಯವರು ಕೋವಿ ಹೆಗಲಿಗೇರಿಸಿಕೊಂಡೇ ಉಣ್ಣಲು ಬರುತ್ತಿದ್ದರು. ಒಮ್ಮೆ ಪಂಕ್ತಿಯಲ್ಲಿ ಕೂರುವ ಜಾಗಕ್ಕೆ ಇಬ್ಬರು ಜಗಳವಾಡಿ, ಒಬ್ಬ ಕೋವಿಗೆ ಕೈ ಹಾಕಿದ್ದನಂತೆ. ಅಂದಿನಿಂದ ಮಾವಯ್ಯನದು ಒಂದೇ ಕಟ್ಟಳೆ. ಜಗಲಿಯಲ್ಲೇ ಕೋವಿ ಒಪ್ಪಿಸಬೇಕು. ಚರ್ಮದ ಪಟ್ಟಿ ಮೈಲಿಗೆ, ಅದು ಜಗಲಿಯ ಗೂಟಕ್ಕೆ. ಕೋವಿ ದೇವರ ಕೋಣೆಗೆ. ಉಂಡು ಕೈ ತೊಳೆದ ಮೇಲೆ ವಾಪಸು. ಅಲ್ಲಿಯ ತನಕ ಕಲೆಕ್ಟರೇ ಬಂದು ಕೇಳಿದರೂ ಇಲ್ಲ. ದೇವರ ಕೋಣೆಗೆ ಯಾರು ನುಗ್ಗುತ್ತಾರೆ? ಕಟ್ಟಳೆ ಚೆನ್ನಾಗಿಯೇ ಇತ್ತು, ಒಪ್ಪುತ್ತೇನೆ.

ಆ ಮಧ್ಯಾಹ್ನ ಬೈಂದೂರು ಕಡೆಯ ಬೇಟೆಗಾರರೊಬ್ಬರು ಅನ್ನಕ್ಕೆ ಸಾರು ಕಲಸುತ್ತಿದ್ದರು. ಹಿತ್ತಿಲಿಗೆ ಹುಚ್ಚುನಾಯಿಯೊಂದು ನುಗ್ಗಿತು. ಜೊಲ್ಲು ಸುರಿಸುತ್ತಾ, ಕೈ ತೊಳೆಯುವ ಹಂಡೆಯ ಪಕ್ಕದಲ್ಲೇ ನಿಂತಿತು. ಬೇಟೆಗಾರರು ಎಲೆ ಬಿಟ್ಟು ಎದ್ದು ಕೋವಿ ಕೇಳಿದರು.

ಮಾವಯ್ಯ ದೇವರ ಕೋಣೆಯ ಬಾಗಿಲಿಗೆ ಅಡ್ಡ ನಿಂತರು. "ಎಂಜಲ್ ಕೈಗೆ ಕೊಡೂಕ್ ಆತಿಲ್ಲೆ. ಕೈ ತೊಳ್ಕಣಿ, ಕೊಡ್ತೆ."

ಎಲ್ಲಿ ತೊಳೆಯುವುದು, ನಾಯಿಯ ತಲೆಯ ಮೇಲೆಯೇ? ಅಡುಗೆಮನೆಯಲ್ಲಿ ಕೊಡಪಾನ ತುಂಬ ನೀರಿತ್ತು. ನಾನು ಎತ್ತಿಯೂ ಆಗಿತ್ತು.

"ಅದ್ ಮಡಿ ನೀರ್ ಮಾರಾಯ್ತಿ, ಅಲ್ಲೇ ಇಡ್," ಎಂದರು ಮಾವಯ್ಯ.

ಹಾಗೆಂದವರೇ ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಸೌದೆ ಹಿಡಿದು, ಬೇಟೆಗಾರರ ಕೈಗೆ ನೀರು ತರಲು ಹಂಡೆಯತ್ತ ಇಳಿದರು! ನಾಯಿ ಅವರ ಮೀನಖಂಡಕ್ಕೇ ಬಾಯಿ ಹಾಕಿತು. ಆಗ ಬೇಟೆಗಾರರು ಎಂಜಲು ಕೈಯಲ್ಲೇ ದೇವರ ಕೋಣೆಗೆ ನುಗ್ಗಿ, ಕೋವಿ ತಂದು, ನಾಯಿಯನ್ನು ಹೊಡೆದು ಕೆಡವಿದರು. ಕಾಲಿನಿಂದ ರಕ್ತ ಸುರಿಯುತ್ತಿರುವಾಗ ಮಾವಯ್ಯ ಮೊದಲು ಹೇಳಿದ್ದು, ದೇವರ ಕೋಣೆಗೆ ಸೆಗಣಿ ಸಾರಿಸಿ ಎಂದು. ಇಂಥವರಿಗೆ ಏನು ಹೇಳುವುದು, ನೀವೇ ಹೇಳಿ...

ಬೇಟೆಗಾರರು ತಲೆ ತಗ್ಗಿಸಿ ಹೊರಟುಹೋದರು. ಪಟ್ಟಿ ಗೂಟದಲ್ಲೇ ಉಳಿಯಿತು, ಆಮೇಲೆ ಯಾರೋ ಅಟ್ಟಕ್ಕೆ ಎಸೆದರು. ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ ಎಂದು ಮನೆಯವರೆಲ್ಲ ಬಡಕೊಂಡೆವು. ಕೇಳಿದರೆ ತಾನೇ? ಯಾರೋ ಕೊಟ್ಟ ಬೇರಿನ ಕಷಾಯ ಕುಡಿದರು. ಕೆಲವು ವಾರ ಕಳೆದು, ನೀರು ಕಂಡರೆ ನಡುಗತೊಡಗಿದರು. ಕೊನೆಯ ದಿನ ತುಟಿ ಒಣಗಿ... ನಾನು ಅದೇ ಕೊಡಪಾನದಿಂದ ಒಂದು ಲೋಟ ನೀರು ತಂದೆ. ಮಡಿ ನೀರೇ. ಅವರು ಮುಖ ಗೋಡೆಗೆ ತಿರುಗಿಸಿದರು.

ಇಷ್ಟು ವರ್ಷವಾಯಿತು, ಆ ಲೋಟ ಹಿಡಿದ ಕೈ ನನಗಿನ್ನೂ ಕಾಣುತ್ತದೆ. ಪಟ್ಟಿಯನ್ನು ಬಿಸಾಡಿ ಎಂದಳು ನನ್ನ ಸೊಸೆ. ಬಿಸಾಡಲಿಲ್ಲ. ದೇವರ ಕೋಣೆಯ ಒಳಗೇ, ದೀಪದ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಬೈಯುವುದಿದ್ದರೆ ಮಾವಯ್ಯ ಬಂದು ಬೈಯಲಿ.