ಗಾಯಗಳ ಪುಸ್ತಕ

ನಾನು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಒಂದು ಚರ್ಮದ ಕ್ಲಿನಿಕ್ಕಿನ ನರ್ಸ್. ನಮ್ಮಲ್ಲಿಗೆ ಏಳು ವರ್ಷದ ಒಬ್ಬ ಹುಡುಗಿ ಬರುತ್ತಿದ್ದಳು. ವಾರವೆಲ್ಲ ಇದೇ ಊರಲ್ಲಿ ತಾಯಿಯ ಹತ್ತಿರ, ಶನಿವಾರ ಭಾನುವಾರ ಕಮಲಾಪುರದಲ್ಲಿ ತಂದೆಯ ಹತ್ತಿರ. ಕೈಕಾಲಿನ ಮೇಲೆ ಆಗಾಗ ಕೆಂಪು ಗಾಯಗಳು ಕಾಣುತ್ತಿದ್ದವು. ಯಾಕೆಂದು ಡಾಕ್ಟರಿಗೂ ತಿಳಿದಿರಲಿಲ್ಲ. ಬೇರೆಯಾಗಿದ್ದ ಗಂಡ ಹೆಂಡತಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು: ಅದು ಆದದ್ದು ತಮ್ಮಲ್ಲಲ್ಲ, ಇನ್ನೊಬ್ಬರ ಮನೆಯಲ್ಲಿ. ಹಾಗಾಗಿ ಮಗುವನ್ನು ಒಪ್ಪಿಸುವಾಗಲೆಲ್ಲ ಇಬ್ಬರೂ ಕ್ಲಿನಿಕ್ಕಿಗೆ ಬರುತ್ತಿದ್ದರು. ಮದುವೆಗೆ ಬಾಡಿಗೆ ತಂದ ಪಾತ್ರೆಗಳ ನೆಗ್ಗು ನೋಡಿದಂತೆ ನಾನು ಗಾಯ ನೋಡಿ ಪುಸ್ತಕದಲ್ಲಿ ಬರೆಯಬೇಕು. ಜಗಳ ಕಡಿಮೆಯಾದೀತೆಂದು ಬರೆಯುತ್ತಿದ್ದೆ.

ಒಂದು ಸೋಮವಾರ ಮೊಣಕೈ ಹತ್ತಿರ ಹೊಸದೊಂದು ಕಂಡಿತು.

“ಶನಿವಾರ ಇದು ಇದ್ದಿಲ್ರಿ ಸಿಸ್ಟರ್, ಬುಕ್ ನೋಡ್ರಿ!” ಎಂದಳು ತಾಯಿ.

“ನನ್ನ ಕಡೆ ಬರುವಾಗೇ ಇತ್ರಿ. ನೀವೇ ಬರಿಯೂದು ಮರ್ತೀರಿ,” ಎಂದ ತಂದೆ.

ಇಬ್ಬರೂ ಹೊರಗೆ ಹೋಗಿ ಕೂಗಾಡತೊಡಗಿದರು. ಹುಡುಗಿ ನಾನು ಕೇಳದೆಯೇ ಇನ್ನೊಂದು ಕೈಯ ಅಂಗಿ ತೋಳನ್ನೂ ಮೇಲೇರಿಸಿ ತೋರಿಸಿದಳು. ಆಮೇಲೆ ಮೊಣಕೈಯ ಹೊಸ ಗಾಯ ಮುಟ್ಟಿ ಮೆಲ್ಲಗೆ ಅಂದಳು:

“ಆಂಟಿ, ಇದನ್ನ ಹಳೇದು ಅಂತ ಬರೀರಿ. ಹಳೇದಕ್ಕ ಅವರು ಜಗಳಾ ಮಾಡಂಗಿಲ್ಲ.”

ನಾನು ಪುಸ್ತಕ ತೆರೆದೆ. ಗಾಯ ಎಲ್ಲಿ, ಎಷ್ಟು ಉದ್ದ, ಯಾವ ಬಣ್ಣ, ಎಲ್ಲಕ್ಕೂ ಆ ಪುಸ್ತಕದಲ್ಲಿ ಕಾಲಂ ಇದೆ. ಸ್ಕೇಲಿಟ್ಟು ನಾನೇ ನೀಟಾಗಿ ಗೆರೆ ಎಳೆದದ್ದು. ನೋಯುತ್ತದೆಯೇ ಎಂಬುದಕ್ಕೆ ಮಾತ್ರ ಜಾಗ ಬಿಟ್ಟಿಲ್ಲ. ಯಾರೂ ಕೇಳಿರಲಿಲ್ಲವಲ್ಲ, ನಾನೂ ಸೇರಿ.