ಕ್ಲಚ್ಚಿಗೆ ಬಿಟ್ಟ ಎಣ್ಣೆ

ನಮ್ಮ ಪಾಂಡವಪುರ ಸೀಮೆಯ ಗಂಡಸರಿಗೆ ಒಂದು ಚಟವಿದೆ. ನಿಂತಿರುವ ಬೈಕು ಕಂಡರೆ, ಅದು ಯಾರದೇ ಆಗಿರಲಿ, ಕ್ಲಚ್ಚನ್ನು ಒಮ್ಮೆ ಹಿಡಿದು ಬಿಟ್ಟು ನೋಡದೆ ಮುಂದೆ ಹೋಗುವುದಿಲ್ಲ. ಕೊಳ್ಳುವ ಯೋಚನೆಯೇನೂ ಇರುವುದಿಲ್ಲ. ಕಂಡವರ ಎತ್ತಿನ ಬೆನ್ನು ತಟ್ಟುವ ಹಾಗೆ ಅದೊಂದು ಮರ್ಯಾದೆ. ನನ್ನ ತಮ್ಮ ಚಂದ್ರು ಒಂದು ಬೆಳಗ್ಗೆ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ಆಗ ನಮ್ಮನ್ನು ಮಾತಾಡಿಸಿಕೊಂಡು ಹೋಗಲು ಬಂದವರೂ ಹಾಗೇ ಮಾಡಿದರು. ಏನು ಹೇಳಬೇಕೆಂದು ತೋಚದೆ, ಕೊಟ್ಟಿಗೆ ಪಕ್ಕ ನಿಂತಿದ್ದ ಅವನ ಬೈಕಿನ ಕ್ಲಚ್ ಅದುಮಿ, "ಒಳ್ಳೆ ಗಾಡಿ ಮಡ್ಗಿದ್ದ ಕಣಪ್ಪ" ಅಂದು ಹೋದರು. ಅದಕ್ಕಿಂತ ಒಳ್ಳೆಯ ಸಮಾಧಾನದ ಮಾತು ನನಗೆ ಯಾರೂ ಹೇಳಲಿಲ್ಲ.

ಅದು ಮೇಲುಕೋಟೆ ಬೆಟ್ಟವನ್ನು ಏದುಸಿರು ಬಿಡದೆ ಹತ್ತಬೇಕೆಂದು ಅವನು ಆಸೆಪಟ್ಟು ತಂದ ದೊಡ್ಡ ಗಾಡಿ. ಅದರ ಕ್ಲಚ್ಚಿಗೆ ತಂತಿಯಿಲ್ಲ. ಹಿಡಿಯ ಹತ್ತಿರ ಒಂದು ಪುಟ್ಟ ಬಟ್ಟಲು, ಅದರಲ್ಲಿ ಬ್ರೇಕ್ ಆಯಿಲ್ಲು. ಇಲ್ಲಿ ಅದುಮಿದರೆ ಆ ಎಣ್ಣೆ ಕೊಳವೆಯಲ್ಲಿ ಸಾಗಿ ಕೆಳಗೆ ಇಂಜಿನ್ನಿನ ಹತ್ತಿರ ಕ್ಲಚ್ಚನ್ನು ತಳ್ಳುತ್ತದೆ. ಹೈಸ್ಕೂಲಿನಲ್ಲಿ ಮೇಷ್ಟ್ರು ಎರಡು ಸಿರಿಂಜುಗಳನ್ನು ಜೋಡಿಸಿ ತೋರಿಸಿದ್ದು ಇದನ್ನೇ: ಒತ್ತಿದ್ದು ಒಂದು ಕಡೆ, ಎದ್ದದ್ದು ಇನ್ನೊಂದು ಕಡೆ. ದುಃಖವೂ ಮನೆಯೊಳಗೆ ಹೀಗೇ ಓಡಾಡುತ್ತದೆ. ಚಂದ್ರು ಹೋದ ಮೇಲೆ ಅಪ್ಪ ಒಮ್ಮೆಯೂ ಅಳಲಿಲ್ಲ. ಹಾಲು ಕರೆಯುವಾಗ ಹಸುವನ್ನು ಬೈಯುತ್ತಿದ್ದ.

ನಾನು ಕೆ.ಆರ್. ಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತ. ಸ್ಕೂಟರಿಗೆ ಗಾಳಿ ಹಿಡಿಸಿದ ದಿನ ದೊಡ್ಡ ರಿಪೇರಿ ಮಾಡಿದೆನೆಂದು ಹೆಂಡತಿಗೆ ಹೇಳಿಕೊಳ್ಳುವವನು. ಆದರೂ ಭಾನುವಾರಗಳಲ್ಲಿ ಚಂದ್ರುವಿನ ಗಾಡಿಯನ್ನು ಹೊರಗೆ ತೆಗೆಯುತ್ತಿದ್ದೆ, ಏಕೆಂದರೆ ಅದರ ಸದ್ದು ಕೇಳಿದ ದಿನ ಅಪ್ಪ ಹೊಟ್ಟೆ ತುಂಬ ಉಣ್ಣುತ್ತಿದ್ದ. ಒಂದು ಭಾನುವಾರ ಕ್ಲಚ್ ಹಿಡಿದರೆ, ಹೋದ ಹಿಡಿ ವಾಪಸು ಬರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಆ ಹೊತ್ತು ಅವನು ಊಟಕ್ಕೆ ಬರಲಿಲ್ಲ.

ಬಟ್ಟಲಿನ ಮುಚ್ಚಳ ಬಿಚ್ಚಿದೆ. ಒಳಗಿನ ರಬ್ಬರು ಕರಿದ ಹಪ್ಪಳದ ಹಾಗೆ ಉಬ್ಬಿತ್ತು. ಎಣ್ಣೆ ಎರಡು ಪದರವಾಗಿತ್ತು, ಮೇಲಿನದು ಕಪ್ಪಗೆ. ಮೂಸಿದೆ. ಟ್ರಾಕ್ಟರಿಗೆ ಹಾಕುವ ಇಂಜಿನ್ ಆಯಿಲ್ಲು!

ಯಾರ ಕೆಲಸವೆಂದು ಕೇಳುವ ಹಾಗೇ ಇರಲಿಲ್ಲ. ಅಪ್ಪ ಬಹಳ ವರ್ಷ ಆಲೆಮನೆ ನಡೆಸಿದವನು. ಕಬ್ಬು ಅರೆಯುವ ಗಾಣಕ್ಕೆ ಎಣ್ಣೆ ಬಿಡದೆ ಅವನ ಬೆಳಗಾಗುತ್ತಿರಲಿಲ್ಲ. ಬಾಗಿಲ ಕೀಲು, ಬಾವಿಯ ರಾಟೆ, ನನ್ನ ಹೆಂಡತಿಯ ಹೊಲಿಗೆ ಮಿಷನ್ನು, ಯಾವುದು ಮುನಿಸಿಕೊಂಡರೂ ಅವನ ಮದ್ದು ಒಂದೇ. ಮಗನ ಗಾಡಿ ಕೆಡದಿರಲೆಂದು ಅದಕ್ಕೂ ಎಣ್ಣೆ ಬಿಟ್ಟಿದ್ದಾನೆ. ಆ ಎಣ್ಣೆ ತಾಗಿದರೆ ಈ ರಬ್ಬರು ಉಬ್ಬಿ ಹಾಳಾಗುತ್ತದೆಂದು ಗಾಣ ಎಲ್ಲಿ ಹೇಳಿಕೊಟ್ಟೀತು?

ಪಾಂಡವಪುರದಿಂದ ಹೊಸ ರಬ್ಬರು, ಕೊಳವೆ, ಸರಿಯಾದ ಎಣ್ಣೆಯ ಡಬ್ಬಿ ತಂದೆ. ಹಳೆಯದನ್ನೆಲ್ಲ ತೊಳೆದು, ಮೊಬೈಲಿನಲ್ಲಿ ನೋಡಿ ನೋಡಿ ಜೋಡಿಸಿದೆ. ಕೊನೆಗೆ ಒಳಗೆ ಸೇರಿದ ಗಾಳಿ ತೆಗೆಯಬೇಕು. ಅದು ಒಬ್ಬರಿಂದಾಗುವ ಕೆಲಸವಲ್ಲ. ಒಬ್ಬರು ಹಿಡಿ ಅದುಮಿಕೊಂಡಿರಬೇಕು, ಇನ್ನೊಬ್ಬರು ಕೆಳಗಿನ ತಿರುಪು ಸಡಿಲಿಸಿ ಗುಳ್ಳೆ ಹೋದ ಕೂಡಲೇ ಬಿಗಿಯಬೇಕು. ಅಪ್ಪನನ್ನು ಕರೆದೆ.

ಅವನು ಅದುಮಿದ, ನಾನು ಸಡಿಲಿಸಿದೆ. ಬಿಗಿದು, "ಈಗ ಬುಡಪ್ಪ" ಅಂದೆ. ಹೀಗೇ ನಡೆಯಿತು. ಹಿಡಿ ಗಟ್ಟಿಯಾಗುತ್ತ ಬಂತು.

"ಏನಾಗಿತ್ಲಾ ಇದ್ಕೆ?" ಅಂದ ಅಪ್ಪ.

"ಗಾಳಿ ಸೇರ್ಕಂಡಿತ್ತು ಕಣಪ್ಪ."

"ನಾ ದಿನಾ ಎಣ್ಣೆ ನೋಡ್ಕತಿದ್ನಲ್ಲ, ಅದ್ಕೇ ಇಷ್ಟ್ ದಿನ ತಡ್ಕಂಡದೆ."

ನನ್ನ ಸುಳ್ಳು ಅಲ್ಲೇ ಸಿಕ್ಕಿಹಾಕಿಕೊಂಡಿತು. ಸುಮ್ಮನಿದ್ದರೆ ನಾಳೆ ಬೆಳಗ್ಗೆ ಮತ್ತೆ ಎಣ್ಣೆ ಬೀಳುತ್ತದೆ. ಹೊಸ ಡಬ್ಬಿಯನ್ನು ಅವನ ಕೈಗೆ ಕೊಟ್ಟೆ. "ಇನ್ಮೇಲೆ ಏನೇ ಆದ್ರೂ ಇದ್ನೇ ಆಕಪ್ಪ. ಟ್ರಾಕ್ಟರ್ ಎಣ್ಣೆ ಇದ್ಕೆ ಆಗ್ಬರಕಿಲ್ಲ."

ಡಬ್ಬಿಯನ್ನು ಮೂಸಿ ನೋಡಿದ. ಅರ್ಥವಾಯಿತು.

"ಅಂಗಾರೆ ಕೆಡ್ಸಿದ್ದು ನಾನೇಯಾ?"

ನಾನು ತಿರುಪಿನ ಸುತ್ತ ಒರೆಸತೊಡಗಿದೆ. ಅಪ್ಪ ಹಿಡಿಯನ್ನು ನೋಡುತ್ತಲೇ ಹೇಳಿದ: "ಅವತ್ತು ಎದೆ ನೋಯ್ತದೆ ಅಂದ. ಆಗ್ಲೂ ನಾನು ಎಣ್ಣೇನೇ ಬಿಸಿ ಮಾಡಿ ತಿಕ್ತಾ ಕುಂತ್ಕಂಡೆ ಕಣ್ಲಾ."

ಹಸುವಿನ ನೆಪದಲ್ಲಿ ಅವನು ಬೈಯುತ್ತಿದ್ದದ್ದು ಯಾರನ್ನೆಂದು ಆಗ ತಿಳಿಯಿತು. ಬೇಗ ಆಸ್ಪತ್ರೆಗೆ ಒಯ್ದಿದ್ದರೆ ಚಂದ್ರು ಉಳಿಯುತ್ತಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ಕ್ಲಚ್ಚಿನ ವಿಷಯದಲ್ಲಾದರೆ ಇದು ಸರಿ, ಇದು ತಪ್ಪು ಎಂದು ಬಿಚ್ಚಿ ತೋರಿಸಬಹುದು.

"ಇನ್ನೂ ವಸಿ ಗಾಳಿ ಅದೆ. ಅದುಮಪ್ಪ" ಅಂದೆ.

ಗಾಳಿ ಇರಲಿಲ್ಲ. ಅಪ್ಪ ಕಣ್ಣೊರೆಸಿಕೊಂಡು ಅದುಮಿದ. ಅವನೇ ಸಾಕು ಅನ್ನುವವರೆಗೂ ನಾನು ಆ ತಿರುಪನ್ನು ಬಿಗಿಯುವವನ ಹಾಗೆ ಕೆಳಗೇ ಕೂತಿದ್ದೆ.